ದೊಡ್ಡಪ್ಪನ ಎಕ್ಸ್‌ಪಿ, ಕಿತ್ತಳೆ ಕೋನಿನ ವಿಎಲ್‌ಸಿ ಮತ್ತು ಒಂದು ಡಬ್ಬಿ ಯಕ್ಷಗಾನ

ಮೊದಲೇ ಹೇಳಿಬಿಡುತ್ತೇನೆ. ವಿಂಡೋಸ್ ಎಕ್ಸ್‌ಪಿ ಇರುವ ಹಳೇ ಕಂಪ್ಯೂಟರಿನಲ್ಲಿ ವಿಡಿಯೋ ನೋಡಬೇಕು ಅಂದರೆ ಇವತ್ತಿಗೂ ವಿಎಲ್‌ಸಿ ಅನ್ನುವ ಪ್ಲೇಯರ್ ಹಾಕಿಕೊಳ್ಳಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆದರೆ ಹಾಕಿದ ಕೂಡಲೇ ಎಲ್ಲ ಓಡುತ್ತದೆ ಅಂತ ಧೈರ್ಯ ಮಾಡಿ ಕೂತರೆ, ನನ್ನ ಹಾಗೆ ಒಂದು ಶನಿವಾರ ಪೂರ್ತಿ ಹೋಗುತ್ತದೆ, ಭಾನುವಾರ ಊಟದ ತನಕವೂ ಹೋಗುತ್ತದೆ. ತಪ್ಪು ಪ್ಲೇಯರಿನದ್ದಲ್ಲ. ಮೆಷಿನ್ನಿನ ವಯಸ್ಸಿನದ್ದು, ಅರ್ಧ ನನ್ನದು.

ಮೆಷಿನ್ನು ನನ್ನದಲ್ಲ, ಶಿರಸಿ ಹತ್ತಿರ ಇರುವ ದೊಡ್ಡಪ್ಪನದು. ಪೆಂಟಿಯಮ್ 4, ರ್ಯಾಮ್ 512 ಎಂಬಿ, ಮೇಲೆ ದೊಡ್ಡಾಯಿ ಹೊಲಿದ ಹೂವಿನ ಬಟ್ಟೆಯ ಹೊದಿಕೆ. ಅಡಿಕೆ ಲೆಕ್ಕ, ಆಳಿನ ಲೆಕ್ಕ, ಊರಿನ ದೇವಸ್ಥಾನದ ಆಮಂತ್ರಣ ಪತ್ರಿಕೆಗಳು ಎಲ್ಲ ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೇ ಆವೃತ್ತಿಯಲ್ಲಿ ಟೈಪ್ ಮಾಡಿ ಅದರೊಳಗೇ ಇವೆ. ಹೊಸದು ತಗೊಳ್ಳಿ ಅಂದರೆ "ಇದ್ಕೆ ಎಂತ ಆಜು?" ಅಂತ ಒಂದೇ ಪ್ರಶ್ನೆ. ನಿಜವಾಗಿ ನೋಡಿದರೆ ಏನೂ ಆಗಿಲ್ಲ, ಲೆಕ್ಕ ಬರೆಯಲಿಕ್ಕೆ ಅದು ಸಾಕು. ತಕರಾರು ಬಂದಿದ್ದು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟ ಯಕ್ಷಗಾನದ ವಿಸಿಡಿಗಳಿಂದ, ಅಂದರೆ ವಿಡಿಯೋ ಸೀಡಿಗಳಿಂದ. ಕೆರೆಮನೆ ಮೇಳದ್ದು, ಕಲಾವಿದ ಚಿತ್ತಾಣಿಯವರದ್ದು, ಇನ್ನೊಂದಷ್ಟು ನಮ್ಮೂರ ಗದ್ದೆ ಬಯಲಿನಲ್ಲಿ ಯಾರೋ ಕ್ಯಾಮೆರಾ ಇಟ್ಟು ಹಿಡಿದದ್ದು. ಸುಮಾರು ಎರಡು ವರ್ಷದಿಂದ ಒಂದೂ ಓಡುತ್ತಿರಲಿಲ್ಲ. "ತಮಾ, ಚಿತ್ರ ಬತ್ತಿಲ್ಲೆ, ಬರೀ ಭಾಗವತ್ರ ಸ್ವರ ಬತ್ತು" ಅಂತ ಫೋನಿನಲ್ಲಿ ಪ್ರತಿ ಸಲವೂ ಹೇಳುತ್ತಿದ್ದರು. ಪೇಟೆಯ ಒಂದು ರಿಪೇರಿ ಅಂಗಡಿಯವರು ಹೊದಿಕೆ ತೆಗೆದು ನೋಡಿ, ಬೋರ್ಡೇ ಹೋಗಿದೆ, ಬದಲಾಯಿಸಬೇಕು ಅಂದರಂತೆ. ಬೋರ್ಡು ಹೋಗಿದ್ದರೆ ಅಡಿಕೆ ಲೆಕ್ಕ ಹೇಗೆ ಕಾಣುತ್ತಿತ್ತು ಅಂತ ದೊಡ್ಡಪ್ಪನೇ ಕೇಳಿ ವಾಪಸ್ ಹೊತ್ತುಕೊಂಡು ಬಂದರು.

ಸರಿ, ವಿಎಲ್‌ಸಿ ಹಾಕೋಣ ಅಂತ ನಾನು ಹೋದೆ. ಮೂರನೇ ಸರಣಿಯ ವಿಎಲ್‌ಸಿ ಎಕ್ಸ್‌ಪಿಯಲ್ಲಿ ಓಡುತ್ತದೆ, ಆದರೆ ಸರ್ವಿಸ್ ಪ್ಯಾಕ್ 3 ಅನ್ನುವ ಎಕ್ಸ್‌ಪಿಯ ದೊಡ್ಡ ಅಪ್‌ಡೇಟ್ ಇರಲೇಬೇಕು. ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಅಲ್ಲೇ ಬರೆದಿರುತ್ತದೆ. ನಾಲ್ಕನೇ ಸರಣಿಯಲ್ಲಿ ಎಕ್ಸ್‌ಪಿಗೆ ಜಾಗ ಇಲ್ಲ, ಹಾಗಾಗಿ ಮೂರನೆಯದನ್ನೇ ಹಿಡಿದುಕೊಳ್ಳಿ. ಹಳೇ ಆವೃತ್ತಿಗಳನ್ನೆಲ್ಲ ಅವರದೇ ತಾಣದಲ್ಲಿ ಸಾಲಾಗಿ ಇಟ್ಟಿದ್ದಾರೆ, ಬೇರೆಲ್ಲೂ ಹುಡುಕಬೇಡಿ. ನಾನು ಆತುರಕ್ಕೆ ಹುಡುಕಾಟದಲ್ಲಿ ಮೊದಲು ಕಂಡ ಯಾವುದೋ ತಾಣದಿಂದ ಇಳಿಸಿಕೊಂಡೆ. ಅದರ ಜೊತೆ ಎರಡು ಟೂಲ್‌ಬಾರ್, ಒಂದು "ನಿಮ್ಮ ಕಂಪ್ಯೂಟರ್ ನಿಧಾನವಾಗಿದೆ" ಅಂತ ಬೊಬ್ಬೆ ಹೊಡೆಯುವ ಕಿಟಕಿ ಬಂದು ಕೂತವು. ನಿಧಾನ ಇರೋದು ಗೊತ್ತು ಮಾರಾಯ!

ಇಳಿಸಿಕೊಳ್ಳುವುದೇ ಒಂದು ಕಥೆ ಆಯಿತು. ದೊಡ್ಡಪ್ಪನ ಮೆಷಿನ್ನಿನಲ್ಲಿ ಆ ತಾಣ ಬಿಟ್ಟು ಬೇರೆ ಯಾವುದನ್ನು ತೆರೆದರೂ ಸರ್ಟಿಫಿಕೇಟ್ ಸರಿ ಇಲ್ಲ ಅಂತ ಬಾಗಿಲು ಹಾಕುತ್ತಿತ್ತು. ಮೂಲೆಯಲ್ಲಿ ಗಡಿಯಾರ ನೋಡಿದರೆ ವರ್ಷ 2002. ಒಳಗಿನ ಗುಂಡಿ ಸೆಲ್ಲು ಸತ್ತಿದೆ, ಕರೆಂಟು ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಓಡುತ್ತದೆ, ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗೋದೇನು ಹೊಸದಾ. ಸಿಆರ್ 2032 ಅಂತ ಬರೆದಿರುವ ಸೆಲ್ಲು ಅದು, ವಾಚಿನ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಹಾಕಿ ತಾರೀಕು ಸರಿ ಮಾಡಿದ ಮೇಲೂ ಅರ್ಧ ತಾಣಗಳು ತೆರೆಯಲಿಲ್ಲ, ಯಾಕಂದರೆ ಅಲ್ಲಿರುವ ಹಳೇ ಬ್ರೌಸರಿಗೆ ಈಗಿನ ಬೀಗದ ಭಾಷೆ ಬರುವುದಿಲ್ಲ. ಮೈಕ್ರೋಸಾಫ್ಟ್ ಎಕ್ಸ್‌ಪಿಗೆ ಸುರಕ್ಷತೆಯ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ್ದು 2014ರ ಏಪ್ರಿಲ್ 8ಕ್ಕೆ. ಹಾಗಾಗಿ ಆ ಮೆಷಿನ್ನಿಗೆ ಇಂಟರ್ನೆಟ್ ಕೊಡದೇ ಇರುವುದೇ ಒಳ್ಳೆಯದು ಅಂತ ತಂತಿ ಕಿತ್ತು ಮಡಚಿಟ್ಟೆ. ಫೋನಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿದೆ.

ಪೆನ್‌ಡ್ರೈವ್ ಚುಚ್ಚಿದೆ. "ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಫಾರ್ಮ್ಯಾಟ್ ಮಾಡಲಾ?" ಅಂತ ಕೇಳಿತು. ಒಳಗೆ ನನ್ನ ಮನೆಯ ಫೋಟೋಗಳೂ ಇದ್ದವು, ಎದೆ ಧಸಕ್ ಅಂತು. ಯಾರೂ ಇಲ್ಲಿ ಹೌದು ಅಂತ ಒತ್ತಬೇಡಿ. ಪೆನ್‌ಡ್ರೈವ್ ಎಕ್ಸ್‌ಫ್ಯಾಟ್ ಅನ್ನುವ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿತ್ತು. ಬೇರೆಯಾಗಿ ಒಂದು ಅಪ್‌ಡೇಟ್ ಹಾಕದಿದ್ದರೆ ಎಕ್ಸ್‌ಪಿಗೆ ಅದು ಓದಲು ಬರುವುದಿಲ್ಲ. ಹಳೇದೊಂದು 8 ಜಿಬಿಯದನ್ನು ಫ್ಯಾಟ್ 32 ಅನ್ನುವ ಹಳೇ ಮಾದರಿಗೆ ಫಾರ್ಮ್ಯಾಟ್ ಮಾಡಿಕೊಂಡು ಹೋದರೆ ಕೆಲಸ ಮುಗಿಯಿತು. ಒಂದೇ ಫೈಲು 4 ಜಿಬಿಗಿಂತ ದೊಡ್ಡದಿದ್ದರೆ ಅದರಲ್ಲಿ ಹಿಡಿಸುವುದಿಲ್ಲ, ಅಷ್ಟೇ.

ಆಮೇಲೆ ಡಬಲ್ ಕ್ಲಿಕ್ ಮಾಡಿದರೆ "ಇದು ವ್ಯಾಲಿಡ್ ವಿನ್ 32 ಅಪ್ಲಿಕೇಶನ್ ಅಲ್ಲ" ಅಂತು. ದೊಡ್ಡಪ್ಪನ ಎಕ್ಸ್‌ಪಿ 32 ಬಿಟ್ಟಿನದ್ದು, ಫೋನಿನಲ್ಲಿ ನಾನು ಇಳಿಸಿದ್ದು 64 ಬಿಟ್ಟಿನದ್ದು. ಫೈಲಿನ ಹೆಸರಿನಲ್ಲೇ ವಿನ್ 64 ಅಂತ ಇತ್ತು, ನೋಡದೇ ಇದ್ದದ್ದು ನಾನು. ಮತ್ತೆ ವಿನ್ 32 ಇಳಿಸಿ ತಂದೆ. ಅಷ್ಟರಲ್ಲಿ ದೊಡ್ಡಾಯಿ ಎರಡನೇ ಸಲ ಕಷಾಯ ತಂದಿಟ್ಟು, ನಾನು ಮೊದಲನೆಯದನ್ನೇ ಕುಡಿದಿಲ್ಲ ಅಂತ ನೋಡಿ ಸುಮ್ನೆ ಹೋದರು.

ಹಾಕುವುದಕ್ಕೆ ಎರಡು ನಿಮಿಷ. ಟ್ರಾಫಿಕ್ ಕೋನಿನ ಗುರುತು ಬಂತು. ಪ್ಯಾರಿಸಿನ ಕಾಲೇಜಿನ ಹುಡುಗರು 1996ರ ಸುಮಾರಿಗೆ ಶುರು ಮಾಡಿದ ಕೆಲಸ ಇದು, ರಸ್ತೆ ಮೇಲಿನ ಕೋನುಗಳನ್ನು ಎತ್ತಿಕೊಂಡು ಬಂದು ಕೂಡಿಡುವ ಚಟ ಆ ಹುಡುಗರಿಗೆ ಇತ್ತು, ಗುರುತೂ ಅದೇ ಆಯಿತು. ದುಡ್ಡು ಕೇಳುವುದಿಲ್ಲ, ಜಾಹೀರಾತು ಇಲ್ಲ, ಹೆಸರು ನೋಂದಾಯಿಸಿ ಅನ್ನುವುದಿಲ್ಲ. ಮುಖ್ಯ ಸಂಗತಿ ಏನಂದರೆ, ವಿಡಿಯೋ ಬಿಡಿಸಿ ತೋರಿಸುವ ಕೋಡೆಕ್ಕುಗಳು ಅದರ ಹೊಟ್ಟೆಯೊಳಗೇ ಇರುತ್ತವೆ. ಅಣ್ಣನ ಮಗ ಹಿಂದೆ ಯಾವಾಗಲೋ ಐದಾರು ಕೋಡೆಕ್ ಪ್ಯಾಕ್‌ಗಳನ್ನು ಒಂದರ ಮೇಲೊಂದು ತುಂಬಿಟ್ಟಿದ್ದ. ಒಂದು ಚೀಲದಲ್ಲಿ ಐದು ಬೆಕ್ಕು ಹಾಕಿದ ಹಾಗೆ ಅವು ಅಲ್ಲೇ ಕಚ್ಚಾಡುತ್ತಿದ್ದವು. ವಿಎಲ್‌ಸಿ ಅವುಗಳ ಸಹವಾಸಕ್ಕೇ ಹೋಗುವುದಿಲ್ಲ. ಆದರೂ ಆ ಪ್ಯಾಕುಗಳನ್ನೆಲ್ಲ ಕಿತ್ತು ಹಾಕಿದೆ, ಮನಸ್ಸಿಗೆ ಸಮಾಧಾನಕ್ಕೆ.

ಮೊದಲ ಡಿಸ್ಕ್ ಹಾಕಿದೆ. ಚೆಂಡೆ ಕೇಳಿತು. ಭಾಗವತರ ಪದ ಕೇಳಿತು. ಪರದೆ ಕಪ್ಪು.

"ಆನು ಹೇಳಿದ್ದು ಇದ್ನೇ" ಅಂದರು ದೊಡ್ಡಪ್ಪ.

ಇದು ಹಳೇ ಮೆಷಿನ್ನುಗಳಲ್ಲಿ ತೀರಾ ಮಾಮೂಲಿ ಅಂತ ಆಮೇಲೆ ಗೊತ್ತಾಯಿತು. ಬೋರ್ಡಿಗೇ ಅಂಟಿಕೊಂಡ ಗ್ರಾಫಿಕ್ಸು, ಅದಕ್ಕೆ ಯಾವ ಕಾಲದ್ದೋ ಡ್ರೈವರು, ಪ್ಲೇಯರು ಚಿತ್ರವನ್ನು ಒಂದು ದಾರಿಯಲ್ಲಿ ಕಳಿಸುತ್ತದೆ, ಆ ದಾರಿ ಅಲ್ಲಿ ಮುಚ್ಚಿರುತ್ತದೆ. ದಾರಿ ಬದಲಾಯಿಸಬೇಕು, ಅಷ್ಟೇ. ಕಂಟ್ರೋಲ್ ಮತ್ತು ಪಿ ಒತ್ತಿದರೆ ಪ್ರಿಫರೆನ್ಸಸ್ ಬರುತ್ತದೆ. ಅದರಲ್ಲಿ ವಿಡಿಯೋ, ಅಲ್ಲಿ ಔಟ್‌ಪುಟ್ ಅನ್ನುವ ಸಾಲು. ಆಟೋಮ್ಯಾಟಿಕ್ ಅಂತ ಇರುವುದನ್ನು ಡೈರೆಕ್ಟ್ ಡ್ರಾ ಮಾಡಿ, ಸೇವ್ ಕೊಟ್ಟು, ಪ್ಲೇಯರನ್ನು ಒಮ್ಮೆ ಮುಚ್ಚಿ ತೆರೆಯಿರಿ. ಮುಚ್ಚಿ ತೆರೆಯದಿದ್ದರೆ ಏನೂ ಬದಲಾಗಿಲ್ಲ ಅಂತ ಅನಿಸಿ ಮತ್ತೆ ಇನ್ನೇನೋ ಒತ್ತುತ್ತೀರಿ, ನಾನು ಒತ್ತಿದೆ. ನಮ್ಮಲ್ಲಿ ಚಿತ್ರ ಬಂತು, ಆದರೆ ರಾಜವೇಷದ ಮುಖ ಹಸಿರು, ಪಕ್ಕದಲ್ಲಿ ಗುಲಾಬಿ ಪಟ್ಟೆ. ಅದೇ ಪುಟದಲ್ಲಿ ಹಾರ್ಡ್‌ವೇರಿನಿಂದ ಬಣ್ಣ ಬದಲಿಸುವ ಒಂದು ಟಿಕ್ ಇದೆ, ಅದನ್ನು ತೆಗೆದ ಮೇಲೆ ಮುಖಕ್ಕೆ ಮುಖದ ಬಣ್ಣ ಬಂತು. ಇದೂ ಆಗದಿದ್ದರೆ ಕೊನೆಗೆ ವಿಂಡೋಸ್ ಜಿಡಿಐ ಅಂತ ಒಂದು ದಾರಿ ಇದೆ, ನಿಧಾನ, ಆದರೆ ಎಲ್ಲ ಕಡೆ ನಡೆಯುತ್ತದೆ. ಸೆಟ್ಟಿಂಗು ಕೈ ಮೀರಿ ಕೆಟ್ಟರೆ ಕೆಳಗೆ ರೀಸೆಟ್ ಗುಂಡಿ ಇದೆ, ಹೆದರಬೇಡಿ.

ವಿಸಿಡಿ ವಿಚಾರಕ್ಕೆ ಬಂದರೆ ವಿಎಲ್‌ಸಿ ಚಿನ್ನ. ಡಿಸ್ಕ್ ತಾನಾಗಿ ಓಡದಿದ್ದರೆ ಕಂಟ್ರೋಲ್ ಡಿ ಒತ್ತಿ, ಅಲ್ಲಿ ವಿಸಿಡಿ ಅಂತ ಆರಿಸಿಕೊಳ್ಳಿ. ಇಲ್ಲವೇ ಡಿಸ್ಕಿನ ಒಳಗೆ ಎಂಪೆಗ್‌ಎವಿ ಅನ್ನುವ ಫೋಲ್ಡರಿನಲ್ಲಿ ಡಿಎಟಿ ಅಂತ ಮುಗಿಯುವ ಫೈಲು ಇರುತ್ತದೆ, ಅದನ್ನೇ ಎಳೆದು ಪ್ಲೇಯರಿನ ಮೇಲೆ ಬಿಡಿ. ಈ ವಿಸಿಡಿಯ ಚಿತ್ರ ಬರೀ 352ಕ್ಕೆ 288 ಚುಕ್ಕೆ, 1993ರ ಕಾಲದ ತಂತ್ರ, ಪೆಂಟಿಯಮ್ 4ಕ್ಕೆ ಅದು ಕೂಲಿಯೇ ಅಲ್ಲ, ಪ್ರೊಸೆಸರು ನಿದ್ದೆ ಮಾಡುತ್ತಲೇ ಓಡಿಸಿತು. ನಮ್ಮ ಕಡೆಯ ನಿಜವಾದ ಶತ್ರು ತೇವ. ಡಬ್ಬಿಯ ನಲವತ್ತು ಡಿಸ್ಕಿನಲ್ಲಿ ಒಂಬತ್ತಕ್ಕೆ ಬೂಸಲು ಹಿಡಿದಿತ್ತು. ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಸುತ್ತ ಸುತ್ತ ಉಜ್ಜಬೇಡಿ. ಒಂಬತ್ತರಲ್ಲಿ ಆರು ಬದುಕಿದವು. ಬದುಕಿದವನ್ನೆಲ್ಲ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ ಇಟ್ಟೆ. ಫೈಲಿಗೆ ಕನ್ನಡದಲ್ಲಿ ಹೆಸರು ಕೊಟ್ಟರೆ ಬರೀ ಚೌಕ ಚೌಕ ಕಾಣುತ್ತಿತ್ತು. ಎಕ್ಸ್‌ಪಿಯ ಭಾಷೆಯ ಸೆಟ್ಟಿಂಗಿನಲ್ಲಿ ಭಾರತೀಯ ಲಿಪಿಗಳ ಬೆಂಬಲ ಹಾಕಲು ಮೂಲ ಸೀಡಿ ಕೇಳಿತು, ಅದು ಸಿಗಲಿಲ್ಲ. ನಂಬರ್ ಕೊಟ್ಟು, ಯಾವ ನಂಬರಿಗೆ ಯಾವ ಆಟ ಅಂತ ದೊಡ್ಡಪ್ಪ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಊರಿನವರು ಕ್ಯಾಮೆರಾದಲ್ಲಿ ಹಿಡಿದ ಒಂದು ಆಟದಲ್ಲಿ ಹೆಜ್ಜೆ ಬಿದ್ದು ಅರ್ಧ ಗಳಿಗೆ ಆದ ಮೇಲೆ ಚೆಂಡೆ ಪೆಟ್ಟು ಕೇಳುತ್ತಿತ್ತು. ನನಗೆ ಅಷ್ಟೇನೂ ಅನಿಸಲಿಲ್ಲ, ದೊಡ್ಡಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ. ಇದಕ್ಕೆ ವಿಎಲ್‌ಸಿಯಲ್ಲಿ ಜೆ ಮತ್ತು ಕೆ ಕೀಲಿಗಳಿವೆ. ಒಂದು ಸಲ ಒತ್ತಿದರೆ ಧ್ವನಿ 50 ಮಿಲಿಸೆಕೆಂಡು ಸರಿಯುತ್ತದೆ, ಜೆ ಒತ್ತಿದರೆ ಮುಂಚೆ, ಕೆ ಒತ್ತಿದರೆ ತಡ. ನಾನು ಜೆ ಒತ್ತುತ್ತಾ ಹೋದೆ, ಅವರು ಕಣ್ಣು ಪರದೆಯಲ್ಲಿ ನೆಟ್ಟು ಕೈಯಲ್ಲಿ ತೊಡೆ ತಟ್ಟುತ್ತಾ "ಇನ್ನೂ, ಇನ್ನೂ, ಹಾಂ ನಿಲ್ಸು" ಅಂದರು. ಏಳು ಸಲ. ಅಂದರೆ 350 ಮಿಲಿಸೆಕೆಂಡು. ಮೀಟರು ಬೇಡ, ತಾಳ ಗೊತ್ತಿದ್ದವರು ಪಕ್ಕದಲ್ಲಿದ್ದರೆ ಸಾಕು.

ಈಗ ಅರ್ಧ ಅಂಕ ಕಡಿಮೆ ಕೊಟ್ಟಿದ್ದು ಯಾಕೆ ಅಂತ. ಮೊಮ್ಮಗನ ಉಪನಯನದ ವಿಡಿಯೋವನ್ನು ಯಾರೋ ಹೊಸ ಫೋನಿನಲ್ಲಿ ತೆಗೆದು ಕೊಟ್ಟಿದ್ದರು. ಹಾಕಿದರೆ ಮಂತ್ರ ಸರಾಗ, ಚಿತ್ರ ಮಾತ್ರ ನಾಲ್ಕು ಸೆಕೆಂಡಿಗೊಂದು. ಬ್ರಹ್ಮಚಾರಿ ಕಾಶಿಯಾತ್ರೆಗೆ ಹೊರಟವನು ಹೊಸ್ತಿಲಲ್ಲೇ ನಿಂತುಬಿಟ್ಟ. ಕಂಟ್ರೋಲ್ ಜೆ ಒತ್ತಿ ಕೋಡೆಕ್ ಮಾಹಿತಿ ನೋಡಿದರೆ ಎಚ್ 265 ಅನ್ನುವ ಹೊಸ ಕೋಡೆಕ್ಕು, ಚಿತ್ರ 1080 ಗೆರೆಯದ್ದು. ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರು ನೂರಕ್ಕೆ ನೂರು. ಎಚ್ 265 ಬಂದಿದ್ದೇ 2013ರಲ್ಲಿ, ಎಕ್ಸ್‌ಪಿ 2001ರದ್ದು. ಗ್ರಾಫಿಕ್ಸಿಗೆ ಕೆಲಸ ಹಂಚೋಣ ಅಂದರೆ ವಿಎಲ್‌ಸಿಯಲ್ಲಿ ಆ ಸೌಲಭ್ಯ ಇರುವುದು ಎಕ್ಸ್‌ಪಿಯ ನಂತರ ಬಂದ ವಿಂಡೋಸ್ ವಿಸ್ಟಾದಿಂದ ಈಚೆಗೆ. ವಿಎಲ್‌ಸಿ ಏನು ಮಾಡೀತು ಪಾಪ. ಅದಕ್ಕಿಂತ ಹಳೇ ಎಚ್ 264 ಕೋಡೆಕ್ಕಿನ, 720 ಗೆರೆಯ ವಿಡಿಯೋ ಆದರೆ ಇನ್‌ಪುಟ್ ಮತ್ತು ಕೋಡೆಕ್ಸ್ ಪುಟದಲ್ಲಿ ಲೂಪ್ ಫಿಲ್ಟರ್ ಬಿಟ್ಟುಬಿಡು ಅನ್ನುವ ಸಾಲಿಗೆ ಆಲ್ ಅಂತ ಕೊಟ್ಟರೆ ಸ್ವಲ್ಪ ಉಸಿರಾಡುತ್ತದೆ, ಚಿತ್ರ ಕೊಂಚ ಚೌಕ ಚೌಕ ಆಗುತ್ತದೆ, ನೋಡಬಹುದು. ಎಂಪಿಸಿ ಎಚ್‌ಸಿ ಅಂತ ಇನ್ನೊಂದು ಹಗುರ ಪ್ಲೇಯರ್ ಇದೆ, 2017ರ 1.7.13 ಆವೃತ್ತಿಯ ತನಕ ಎಕ್ಸ್‌ಪಿಗೆ ಸಿಗುತ್ತದೆ. ಅದನ್ನೂ ಹಾಕಿ ನೋಡಿದೆ. 720ರ ಫೈಲು ಅದರಲ್ಲಿ ಒಂದು ಕೂದಲು ಚೆನ್ನಾಗಿ ಓಡಿತು, ಉಪನಯನ ಅದರಲ್ಲೂ ಹೊಸ್ತಿಲು ದಾಟಲಿಲ್ಲ. ವಿಸಿಡಿ ಮತ್ತು ಧ್ವನಿ ಸರಿಮಾಡುವ ಸುಖ ವಿಎಲ್‌ಸಿಯಲ್ಲೇ ಜಾಸ್ತಿ ಅನಿಸಿ ಅದನ್ನೇ ಉಳಿಸಿಕೊಂಡೆ.

ಕೊನೆಗೆ ಆ ವಿಡಿಯೋವನ್ನು ಮನೆಗೆ ತಂದು, ನನ್ನ ಲ್ಯಾಪ್‌ಟಾಪಿನ ವಿಎಲ್‌ಸಿಯಲ್ಲೇ ಕಂಟ್ರೋಲ್ ಆರ್ ಒತ್ತಿ, ಎಚ್ 264ಕ್ಕೆ ಬದಲಿಸಿ, 480ಕ್ಕೆ ಇಳಿಸಿದೆ. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಆಗಿತ್ತು. ಮುಂದಿನ ವಾರ ಹೋಗುವವರ ಕೈಯಲ್ಲಿ ಪೆನ್‌ಡ್ರೈವ್ ಕಳಿಸಿದೆ, ಓಡಿತಂತೆ, ಮಾಣಿ ಕಾಶಿಗೂ ಹೋದನಂತೆ.

ಮೊನ್ನೆ ಮತ್ತೆ ಫೋನ್. ಈ ಸಲ ಚಿತ್ರವೂ ಇದೆ, ಸ್ವರವೂ ಇದೆ, ಡ್ರೈವಿನ ಬಾಗಿಲೇ ತೆರೆಯುತ್ತಿಲ್ಲವಂತೆ, ಒಳಗೆ ಚಿತ್ತಾಣಿ ಸಿಕ್ಕಿಹಾಕಿಕೊಂಡಿದ್ದಾರಂತೆ. ಗುಂಡಿಯ ಪಕ್ಕ ಒಂದು ಸಣ್ಣ ತೂತು ಇರುತ್ತದೆ, ಮೆಷಿನ್ ಆಫ್ ಮಾಡಿ ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ಒಳಗೆ ಒತ್ತಿ ಅಂದೆ. ಕ್ಲಿಪ್ ಇರಲಿಲ್ಲ. ದೊಡ್ಡಾಯಿಯ ಸೀರೆ ಪಿನ್ನು ಕೆಲಸ ಮಾಡಿತು.