ಬೋರಿನ ಕೇಬಲ್ ಕಳುವಾದರೆ ಸೀದಾ ಗುಜರಿ ಅಂಗಡಿಗೆ ಓಡಬೇಡಿ

ಆಳಂದ ಕಡೆ ಹೊಲ ಇರುವವರು ದಯವಿಟ್ಟು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗ್ತಿದೆ, ಸಿಟ್ಟೂ ಇಳಿದಿಲ್ಲ.

ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತು. ಈಗ ನೀರು ತಪ್ಪಿದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಬೆಳಿಗ್ಗೆ ಮೋಟಾರ್ ಚಾಲೂ ಮಾಡೋಣ ಅಂತ ಹೋದರೆ ಸ್ಟಾರ್ಟರ್ ಡಬ್ಬಿಯ ಬಾಗಿಲು ಕಲ್ಲಿಂದ ಜಜ್ಜಿದ್ದಾರೆ. ಅಲ್ಲಿಂದ ಬೋರಿನ ಬಾಯಿವರೆಗಿನ 80 ಅಡಿ ಕೇಬಲ್ ಇಲ್ಲ. ಸಾಲದ್ದಕ್ಕೆ ಡ್ರಿಪ್ ಪೈಪನ್ನು ನಾಲ್ಕು ಕಡೆ ಕೊಯ್ದಿದ್ದಾರೆ. ತಾಮ್ರದ ಆಸೆಗೆ ಕೇಬಲ್ ಒಯ್ದರು, ಸರಿ. ಡ್ರಿಪ್ ಪೈಪ್ ಇವರಿಗೆ ಏನು ಮಾಡಿತ್ತು?

ಠಾಣೆಗೆ ಹೋಗಲಿಲ್ಲ. 'ಇಷ್ಟು ವೈರಿಗೆ ಠಾಣೆ ಯಾಕ ಹತ್ತತಿ ತಮ್ಮಾ' ಅಂದರು ಊರವರು. ನಾನೂ ಹೂಂ ಅಂದೆ. ಹೊಸ ಕೇಬಲ್ ತುಟ್ಟಿ ಅಂತ ಗುಜರಿಗೆ ಹೋಗಿ ಹಳೇದು ತಂದೆ. ಅಡಿಗೆ 35ರಂತೆ 2,800 ರೂಪಾಯಿ. ಬಿಲ್ ಕೇಳಲಿಲ್ಲ. ಗುಜರಿಯಲ್ಲಿ ಯಾರು ಬಿಲ್ ಕೇಳ್ತಾರೆ, ಅಲ್ವಾ?

ಹೊಲದಲ್ಲಿ ಸುರುಳಿ ಬಿಚ್ಚುತ್ತಿದ್ದೆ. ನಡುವೆ ಕೈಗೆ ಒಂದು ಗಂಟು ಸಿಕ್ಕಿತು. ಸೈಕಲ್ ಟ್ಯೂಬಿನ ತುಂಡು, ಅದರ ಮೇಲೆ ಕೆಂಪು ರಿಬ್ಬನ್. ಹೋದ ವರ್ಷ ಇಲಿ ಕಡಿದಾಗ ನಾನೇ ಹಾಕಿದ ಜಾಯಿಂಟ್ ಅದು. ದಾರ ಸಿಗದೆ ಮಗಳ ಜಡೆಯ ರಿಬ್ಬನ್ನನ್ನೇ ಸುತ್ತಿದ್ದೆ. ನನ್ನ ಕೇಬಲ್! ನನ್ನದೇ ಕೇಬಲ್ಲಿಗೆ ನಾನೇ 2,800 ಎಣಿಸಿ ಕೊಟ್ಟು ಬಂದಿದ್ದೆ. ಬದುವಿನ ಮೇಲೆ ಕೂತುಬಿಟ್ಟೆ.

ವಾಪಸ್ ಹೋಗಿ ಕೇಳಿದರೆ ಅವನು, 'ಕೇಬಲ್ ಮ್ಯಾಲ ನಿಮ್ಮ ಹೆಸರು ಬರ್ದದೇನ್ರಿ?' ರಿಬ್ಬನ್ ತೋರಿಸಿದೆ. 'ಇಂಥಾವು ಸಂತ್ಯಾಗ ಹತ್ತು ರೂಪಾಯಿಗಿ ಸಿಗ್ತಾವ.' ಯಾರು ತಂದು ಮಾರಿದರು ಹೇಳು ಅಂದೆ. 'ದಿನಾ ಮಂದಿ ಬರ್ತಾರ, ಯಾರ್‍ಯಾರನ್ನ ನೆನಪಿಡ್ಲಿ?' ಕೊನೆಗೆ ಅವನೇ ಕೇಳಿದ, 'ಕೇಸ್ ಮಾಡೀರೇನು? ಕಾಗದ ತೋರಸ್ರಿ. ನನ್ನ ಹತ್ರಾನೇ ತಗೊಂಡೀರಿ ಅನ್ನೋದಕ್ಕ ಬಿಲ್ ತೋರಸ್ರಿ.' ಎರಡೂ ಇಲ್ಲ. 'ಚಾ ಕುಡೀತೀರೇನ್ರಿ?' ಅಂದ, ನಗ್ತಾ. ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತೆ.

ಇನ್ನೊಂದು ಮಾತು ರಾತ್ರಿಯಿಡೀ ಕೊರೆಯಿತು. ಅದು ನನ್ನ ಕೇಬಲ್ ಆಗಿರದಿದ್ದರೆ ಇನ್ಯಾವನೋ ರೈತನದು ಆಗಿರ್ತಿತ್ತು. ನಾನು ಸುಮ್ನೆ ಹಾಕಿಕೊಂಡು ನೀರು ಬಿಡ್ತಿದ್ದೆ.

ಬಿಲ್ ಇಲ್ಲದ ಹಳೇ ಕೇಬಲ್, ಮೋಟಾರ್ ಮುಟ್ಟಬೇಡಿ. ಕದ್ದ ಮಾಲು ಅಂತ ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂನಲ್ಲಿ 3 ವರ್ಷದವರೆಗೆ ಜೈಲು ಇದೆ. ಕಳುವು ಸಣ್ಣದಾದರೂ ಅವತ್ತೇ ದೂರು ಕೊಡಿ, 112ಕ್ಕೆ ಫೋನ್ ಮಾಡಿ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ತಗೊಳ್ಳಿ. ಕೇಬಲ್ ಮೇಲೆ ಅಳಿಸಿಹೋಗದಂತೆ ಹೆಸರು ಬರೆದು ಫೋಟೋ ಇಟ್ಟುಕೊಳ್ಳಿ. ನಾನು ಈಗ ಮಾಡಿದ್ದೇನೆ, ತಡವಾಗಿ.

ನಿನ್ನೆ ಪಕ್ಕದ ಹೊಲದ ಕಾಕಾನ ಕೇಬಲ್ಲೂ ಹೋಯಿತು. ರೊಕ್ಕ ಜೇಬಿಗೆ ಹಾಕಿಕೊಂಡು ಅದೇ ಗುಜರಿಗೆ ಹೊರಟಿದ್ದರು. ನಾನೇ ಗಾಡಿ ಹಿಂದೆ ಕೂರಿಸಿಕೊಂಡು ಠಾಣೆಗೆ ಕರೆದುಕೊಂಡು ಹೋದೆ.