ಟೈಟಾನಿಯಂ 3ಡಿ ಮುದ್ರಣ: ಲೇಸರೋ, ಎಲೆಕ್ಟ್ರಾನ್ ಕಿರಣವೋ?

ಲೋಹದ ಪುಡಿಯನ್ನು ಪದರ ಪದರವಾಗಿ ಕರಗಿಸಿ ಭಾಗ ಕಟ್ಟುವ ಎರಡು ವಿಧಾನಗಳಿವು. ಬೆರಳಾಡಿಸಿದರೆ ಸಾಕು, ವ್ಯತ್ಯಾಸ ಗೊತ್ತಾಗುತ್ತದೆ. ಲೇಸರ್‌ನಲ್ಲಿ ಮುದ್ರಿಸಿದ ಗ್ರೇಡ್ 5 ಟೈಟಾನಿಯಂ (ಅಲ್ಯೂಮಿನಿಯಂ, ವನೇಡಿಯಂ ಬೆರೆತ ಮಿಶ್ರಲೋಹ) ಸಣ್ಣ ಕಾಳಿನ ಸ್ಯಾಂಡ್‌ಪೇಪರ್‌ನಂತೆ. ಸರಾಸರಿ ಒರಟುತನ ಸಾಮಾನ್ಯವಾಗಿ 5ರಿಂದ 15 ಮೈಕ್ರಾನ್. ಎಲೆಕ್ಟ್ರಾನ್ ಕಿರಣದ್ದು 20-30ರ ಆಸುಪಾಸು, ಅರೆಬರೆ ಕರಗಿದ ಪುಡಿ ಮೈಗೆ ಅಂಟಿಕೊಂಡೇ ಇರುತ್ತದೆ.

ಹಾಗಂತ ಲೇಸರೇ ಗೆದ್ದಿತು ಅನ್ನಬೇಡಿ. ಅದರಲ್ಲಿ ಲೋಹ ಥಟ್ಟನೆ ತಣಿದು ಗಡುಸಾಗುತ್ತದೆ, ಒಳಗೆ ಬಿಗಿತ ಉಳಿಯುತ್ತದೆ. ಕಾಯಿಸಿ ಬಿಗಿತ ಇಳಿಸುವ ಹೀಟ್ ಟ್ರೀಟ್‌ಮೆಂಟ್ ಮಾಡದೆ ತಳದ ಪ್ಲೇಟಿನಿಂದ ಕತ್ತರಿಸಿದರೆ ತೆಳು ಗೋಡೆ ಬಾಗಿಬಿಡಬಹುದು. ಎಲೆಕ್ಟ್ರಾನ್ ಕಿರಣದಲ್ಲಿ ಪುಡಿಯ ಹಾಸು 600 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಿರುವುದರಿಂದ ಆ ತಲೆನೋವು ಕಡಿಮೆ.

ಹೇಗೂ ಎಲ್ಲ ಕಡೆ ಮಿಲ್ಲಿಂಗ್ (ತಿರುಗುವ ಕಟ್ಟರ್‌ನಿಂದ ಮೈ ಹೆರೆಯುವುದು) ಮಾಡುವಿರಾದರೆ ನನ್ನ ಆಯ್ಕೆ ಎಲೆಕ್ಟ್ರಾನ್ ಕಿರಣ. ಕಟ್ಟರ್ ತಲುಪದ ಒಳಗಾಲುವೆಗಳಿದ್ದರೆ ಲೇಸರ್. ಎಲೆಕ್ಟ್ರಾನ್ ಕಿರಣದಲ್ಲಿ ಅಲ್ಲಿನ ಪುಡಿ ಗಟ್ಟಿಯಾಗಿ ಕೂತಿರುತ್ತದೆ, ಕೆದಕಿ ತೆಗೆಯುವುದು ಸಾಕುಸಾಕಾಗುತ್ತದೆ. ಎರಡರ ಭಾಗಗಳನ್ನೂ ಮಿಲ್ಲಿಂಗ್ ಮಾಡುವಾಗ ಬಿಸಿ ಟೂಲಿನ ಮೊನೆಯಲ್ಲೇ ನಿಲ್ಲುತ್ತದೆ: ವೇಗ ತಗ್ಗಿಸಿ, ಕೂಲಂಟ್ ಧಾರಾಳವಾಗಿ ಬಿಡಿ.