ಮಿನಾಕ್ಸಿಡಿಲ್ 2%: ಬೈತಲೆ ಅಗಲವಾದವರಿಗೆ ಸರಿ, ಎಲ್ಲರಿಗೂ ಅಲ್ಲ

ಕೂದಲು ಉದುರುವುದಕ್ಕೆಂದು ಮೆಡಿಕಲ್ ಶಾಪಿನಲ್ಲಿ ಸಾಲಾಗಿ ನಿಂತ ಬಾಟಲಿಗಳಲ್ಲಿ ಗಟ್ಟಿ ಆಧಾರವಿರುವುದು ಮಿನಾಕ್ಸಿಡಿಲ್‌ಗೆ. ಮೊದಲು ಇದು ರಕ್ತದೊತ್ತಡದ ಮಾತ್ರೆ. ನುಂಗಿದವರ ಮೈಮೇಲೆ ಕೂದಲು ಹೆಚ್ಚಿದ್ದು ಕಂಡು ತಲೆಗೆ ಹಚ್ಚುವ ಔಷಧವಾಯಿತು. ಹೆಂಗಸರಿಗೆಂದು 2% ದ್ರಾವಣಕ್ಕೆ ಅಮೆರಿಕದಲ್ಲಿ 1991ರಲ್ಲಿ ಅನುಮತಿ ಸಿಕ್ಕಿತು, 5% ನೊರೆಗೆ 2014ರಲ್ಲಿ.

ಬಾಟಲಿಯ ಮೇಲಿನ ದೂರುಗಳಲ್ಲಿ ಬಹಳಷ್ಟು ಬರುವುದು ಅದು ಬೇಡದವರು ಹಚ್ಚಿಕೊಂಡಾಗ. ಮುಂದಲೆಯ ಅಂಚು ಹಾಗೇ ಇದ್ದು, ಬೈತಲೆ ಮಾತ್ರ ವರ್ಷ ವರ್ಷ ಅಗಲವಾಗುತ್ತಿದ್ದರೆ ಇದು ಸರಿಯಾದ ಔಷಧ. ಹೆರಿಗೆ, ಡೆಂಗಿ, ಟೈಫಾಯ್ಡ್ ಆಗಿ ಎರಡು ಮೂರು ತಿಂಗಳಿಗೆ ಹಿಡಿಹಿಡಿಯಾಗಿ ಉದುರುವುದು ಬೇರೆ. ಸಾಮಾನ್ಯವಾಗಿ ಆರೇಳು ತಿಂಗಳಲ್ಲಿ ತಾನೇ ನಿಲ್ಲುತ್ತದೆ. ನಾಣ್ಯದಂತೆ ದುಂಡಗೆ ಬೋಳಾದರೆ ಚರ್ಮವೈದ್ಯರೇ ನೋಡಬೇಕು. ಕೊಳ್ಳುವ ಮೊದಲು ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಟಿಎಸ್‌ಎಚ್ (ಥೈರಾಯ್ಡ್) ಪರೀಕ್ಷೆ ಮಾಡಿಸಿ. ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತಿನ್ನುತ್ತಿದ್ದರೆ ಲ್ಯಾಬಿನವರಿಗೆ ತಿಳಿಸಿ, ಅದು ಥೈರಾಯ್ಡ್ ಫಲಿತಾಂಶವನ್ನೇ ಕೆಡಿಸಬಲ್ಲದು.

ಪ್ರಮಾಣ: ಬೆಳಿಗ್ಗೆ 1 ಮಿ.ಲೀ., ರಾತ್ರಿ 1 ಮಿ.ಲೀ.; 60 ಮಿ.ಲೀ. ಬಾಟಲಿ ಸರಿಯಾಗಿ ಒಂದು ತಿಂಗಳಿಗೆ. ಒಣಗಿದ ತಲೆಯಲ್ಲಿ ನಾಲ್ಕೈದು ಕಡೆ ಬೈತಲೆ ತೆಗೆದು ಹನಿಗಳನ್ನು ಚರ್ಮಕ್ಕೇ ಬಿಡಿ, ಬೆರಳಲ್ಲಿ ಸವರಿ ಕೈ ತೊಳೆಯಿರಿ. ಉದ್ದ ಕೂದಲಿಗೆ ಸ್ಪ್ರೇ ದಂಡ, ಬುಡ ಬಿಟ್ಟು ಕೂದಲನ್ನೇ ನೆನೆಸುತ್ತದೆ. ಡ್ರಾಪರ್ ಇರುವುದನ್ನೇ ಕೇಳಿ. ಎಣ್ಣೆ ತಲೆಯ ಮೇಲೆ ಹಚ್ಚಬೇಡಿ, ಎಣ್ಣೆಸ್ನಾನದ ದಿನ ತಲೆ ತೊಳೆದು ಒಣಗಿಸಿದ ಮೇಲೆ ಹಚ್ಚಿ. ಮಲಗುವುದಕ್ಕೆ ಎರಡು ಗಂಟೆ ಮೊದಲೇ ಮುಗಿಸಿ. ಇಲ್ಲವಾದರೆ ದಿಂಬಿಗೆ ಅಂಟಿ, ಅಲ್ಲಿಂದ ಕೆನ್ನೆಗೆ ತಗುಲಿ ಮುಖದ ಮೇಲೆ ಕೂದಲು ಬೆಳೆಯಬಹುದು.

ಎರಡನೇ ವಾರದಿಂದ ಎಂಟನೇ ವಾರದೊಳಗೆ ಉದುರುವಿಕೆ ಹೆಚ್ಚಾಗಬಹುದು. ಹಳೆಯ ಕೂದಲು ಹೊಸದಕ್ಕೆ ಜಾಗ ಬಿಡುತ್ತಿರುತ್ತದೆ, ಅಷ್ಟೇ. ಹೆದರಿ ಬಿಡುವವರು ಬಿಡುವುದು ಇಲ್ಲೇ. ನಾಲ್ಕರಿಂದ ಆರು ತಿಂಗಳು ಕಾಯದೆ ತೀರ್ಪು ಹೇಳಬೇಡಿ. ಬಾಟಲಿಯಲ್ಲಿ ನಿಜವಾದ ಕೊರತೆ ಬೇರೆಯದು: ನಿಲ್ಲಿಸಿದರೆ ಬಂದದ್ದು ಕೆಲವೇ ತಿಂಗಳಲ್ಲಿ ಹೋಗುತ್ತದೆ.

ತುರಿಕೆ, ಹೊಟ್ಟು ಬಂದರೆ ಕಾರಣ ಸಾಮಾನ್ಯವಾಗಿ ದ್ರಾವಣದಲ್ಲಿ ಔಷಧ ಕರಗಿಸಲು ಬೆರೆಸುವ ಪ್ರೊಪಿಲೀನ್ ಗ್ಲೈಕಾಲ್. ನೊರೆಯಲ್ಲಿ ಅದಿಲ್ಲ, ದಿನಕ್ಕೊಮ್ಮೆ ಅರ್ಧ ಮುಚ್ಚಳ ಸಾಕು, ಬೆಲೆ ಮಾತ್ರ ಜಾಸ್ತಿ. ಇನ್ನೇನೇನೋ ಬೆರೆಸಿ ಎರಡು ಪಟ್ಟು ಬೆಲೆ ಹಾಕಿದ ಬಾಟಲಿ ಬೇಕಿಲ್ಲ. ಬಸುರಿಯರು, ಹಾಲೂಡಿಸುವವರು ಮುಟ್ಟಬಾರದು. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಎಚ್ಚರ: ಚೆಲ್ಲಿದ ಹನಿ ನೆಕ್ಕಿದರೂ ಅದರ ಜೀವಕ್ಕೆ ಅಪಾಯ.